ಫಿಸಿಕ್ಸ್ ಲೆಕ್ಕ ಬಾರದಿದ್ದಾಗ ಕೇಳುವುದು ಹೇಗೆ

"ಮೇಡಂ, ಈ ಪ್ರಾಬ್ಲಂ ಬರ್ತಿಲ್ಲ."

ಫಸ್ಟ್ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತಾ ಹತ್ತೊಂಬತ್ತು ವರ್ಷವಾಯಿತು. ವರ್ಷವಿಡೀ ನನ್ನ ಕಿವಿಗೆ ಬೀಳುವ ಮಾತು ಇದೇ. ಪುಸ್ತಕ ತೆರೆದಿರುತ್ತದೆ, ಬೆರಳು ಪ್ರಶ್ನೆಯ ಮೇಲಿರುತ್ತದೆ, ನೋಟ್‌ಬುಕ್ಕಿನ ಪುಟ ಮಾತ್ರ ಖಾಲಿ. ಖಾಲಿ ಪುಟದಲ್ಲಿ ತೊಡಕು ಎಲ್ಲಿದೆ ಅಂತ ನನಗೂ ಕಾಣುವುದಿಲ್ಲ. ಪೂರ್ತಿ ಲೆಕ್ಕ ಬಿಡಿಸಿ ಕೊಡಬಹುದು, ಆದರೆ ಅದರಿಂದ ಏನಾಗುತ್ತದೆ ಅಂತ ನಾನು ಅನುಭವಿಸಿದ್ದೇನೆ. ನಾನು ಪಿಯುಸಿ ಓದುವಾಗ ನಮ್ಮ ಮೇಷ್ಟ್ರೊಬ್ಬರು ಕೇಳಿದ ಲೆಕ್ಕವನ್ನೆಲ್ಲ ತಾವೇ ಬರೆದುಕೊಡುತ್ತಿದ್ದರು. ನಾನು ಅಂದವಾಗಿ ಕಾಪಿ ಮಾಡಿಕೊಂಡು, ಅರ್ಥವಾಯಿತು ಅಂದುಕೊಂಡೆ. ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು. ಕಲ್ಲು ಮೇಲಿಂದ ಬೀಳುವ ಬದಲು ಕೆಳಗಿಂದ ಮೇಲಕ್ಕೆ ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ. ಒಂದು ಸಾಲೂ ಬರೆಯಲಾಗದೆ ಕೂತಿದ್ದು ಇವತ್ತಿಗೂ ನೆನಪಿದೆ.

ಅದಕ್ಕೇ ನನ್ನ ಮಕ್ಕಳಿಗೆ ಹೇಳುವುದು: ಲೆಕ್ಕ ತರಬೇಡಿ, ನೀವು ನಿಂತ ಜಾಗ ತನ್ನಿ.

ನಿಂತ ಜಾಗ ಗೊತ್ತಾಗಬೇಕಾದರೆ ಸ್ವಲ್ಪ ದೂರವಾದರೂ ನಡೆದಿರಬೇಕಲ್ಲ. ಇಪ್ಪತ್ತು ನಿಮಿಷ ಒಬ್ಬರೇ ಕೂತು ಪ್ರಯತ್ನ ಮಾಡಿ. ಮೊದಲು ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ, ಕನ್ನಡದಲ್ಲೇ, ಎರಡು ಸಾಲು ಬರೆಯಿರಿ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಬಂದವರು ಇದನ್ನು ಬಿಡಲೇಬಾರದು. ಎಷ್ಟೋ ಸಲ ಫಿಸಿಕ್ಸ್ ಬರುತ್ತಿರುತ್ತದೆ, ಪ್ರಶ್ನೆಯ ಇಂಗ್ಲಿಷ್ ಕಾಲಿಗೆ ತೊಡರಿರುತ್ತದೆ. ಒಬ್ಬ ಹುಡುಗ 'ಲೈಟ್ ಸ್ಟ್ರಿಂಗ್' ಅಂದರೆ ಬೆಳಕಿನ ದಾರ ಅಂದುಕೊಂಡು ಒಂದು ವಾರ ಒದ್ದಾಡಿದ್ದ. ತುಂಬಾ ಹಗುರ, ದಾರದ ದ್ರವ್ಯರಾಶಿಯನ್ನು (ಮಾಸ್) ಲೆಕ್ಕಕ್ಕೆ ಹಿಡಿಯಬೇಡ ಅಂತ ಅದರ ಅರ್ಥ ಎಂದು ಹೇಳಿದ ಮೇಲೆ ಉಳಿದದ್ದೆಲ್ಲ ಅವನೇ ಮಾಡಿದ. 'ಸ್ಮೂತ್' ಅಂದರೆ ಘರ್ಷಣೆ ಇಲ್ಲ. 'ಫ್ರಮ್ ರೆಸ್ಟ್', 'ಡ್ರಾಪ್ಡ್' ಅಂದರೆ ಆರಂಭಿಕ ವೇಗ ಸೊನ್ನೆ. 'ಕಮ್ಸ್ ಟು ರೆಸ್ಟ್' ಅಂದರೆ ಅಂತಿಮ ವೇಗ ಸೊನ್ನೆ. ಇಂಥ ಮಾತುಗಳನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಪಟ್ಟಿ ಮಾಡುತ್ತಾ ಹೋಗಿ.

ಆಮೇಲೆ ಚಿತ್ರ. ಅಂದವಾಗಿರಬೇಕಿಲ್ಲ, ಒಂದು ಚೌಕ, ಅದರ ಮೇಲೆ ಬೀಳುವ ಪ್ರತಿ ಬಲಕ್ಕೂ ಒಂದೊಂದು ಬಾಣ, ಸಾಕು. ಪ್ರತಿ ಬಾಣಕ್ಕೂ 'ಯಾರು ತಳ್ಳುತ್ತಿದ್ದಾರೆ, ಯಾರು ಎಳೆಯುತ್ತಿದ್ದಾರೆ' ಅಂತ ಕೇಳಿಕೊಳ್ಳಿ. ಉತ್ತರ ಸಿಗದ ಬಾಣ ಅಲ್ಲಿರಬಾರದು.

ಕಳೆದ ವರ್ಷ ಒಬ್ಬಳು ಲಿಫ್ಟಿನ ಲೆಕ್ಕ ತಂದಳು. 50 ಕೆ.ಜಿ. ದ್ರವ್ಯರಾಶಿಯ ವ್ಯಕ್ತಿ ಲಿಫ್ಟಿನಲ್ಲಿದ್ದಾನೆ, ಲಿಫ್ಟಿನ ವೇಗೋತ್ಕರ್ಷ (ವೇಗ ಹೆಚ್ಚುವ ದರ) ಮೇಲ್ಮುಖವಾಗಿ ಸೆಕೆಂಡಿನ ವರ್ಗಕ್ಕೆ 2 ಮೀಟರ್, ನೆಲ ಅವನನ್ನು ಎಷ್ಟು ಬಲದಿಂದ ಒತ್ತುತ್ತದೆ? ಅವಳ ಪುಟದಲ್ಲಿ ಚಿತ್ರವಿತ್ತು. ತೂಕ ಕೆಳಕ್ಕೆ, ನೆಲದ ಬಲ ಮೇಲಕ್ಕೆ, ಎರಡೂ 490 ನ್ಯೂಟನ್ (50ಕ್ಕೆ 9.8 ಗುಣಿಸಿದ್ದು), ಎರಡೂ ಬಾಣ ಒಂದೇ ಉದ್ದ. "ಪುಸ್ತಕದ ಉತ್ತರ 590, ನನಗೆ ಇಲ್ಲಿಗೇ ನಿಂತುಹೋಗಿದೆ" ಅಂದಳು. ನಾನು ಕೇಳಿದ್ದು ಒಂದೇ ಮಾತು: "ಎರಡು ಬಾಣವೂ ಸಮ ಆದರೆ ಲಿಫ್ಟಿನ ಜೊತೆ ಅವನ ವೇಗ ಹೆಚ್ಚೋದು ಹೇಗಮ್ಮಾ?" ಅವಳು ಪೆನ್ಸಿಲ್ ತೆಗೆದು ಮೇಲಿನ ಬಾಣವನ್ನು ಉದ್ದ ಮಾಡಿದಳು. 50ಕ್ಕೆ 2 ಗುಣಿಸಿ ಬಂದ 100ನ್ನು 490ಕ್ಕೆ ಸೇರಿಸಿದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಆ ಚಿತ್ರ ಬರೆಯದೆ ಬಂದಿದ್ದರೆ ನಾನು ಅರ್ಧ ಗಂಟೆ ಮಾತಾಡಿದ್ದರೂ ಆ ಬಾಣ ಉದ್ದವಾಗುತ್ತಿರಲಿಲ್ಲ.

ವಾಟ್ಸಾಪಿನಲ್ಲಿ ಕೇಳುವುದಾದರೆ ಪ್ರಶ್ನೆಯ ಪೂರ್ತಿ ಫೋಟೋ, ನಿಮ್ಮ ಪುಟದ ಫೋಟೋ, ಜೊತೆಗೆ ಒಂದು ವಾಕ್ಯ. ಆ ವಾಕ್ಯ ಹೀಗಿರಲಿ: "ಇಳಿಜಾರಿನ ಮೇಲೆ 2 ಕೆ.ಜಿ. ಪೆಟ್ಟಿಗೆ ಇದೆ. ಮೇಲ್ಮೈ ಒತ್ತುವ ಬಲಕ್ಕೆ ನಾನು ಪೂರ್ತಿ ತೂಕ ಹಾಕಿದೆ, ಗೆಳತಿ ಕಾಸ್ ತೀಟಾ ಗುಣಿಸಿದ್ದಾಳೆ. ಯಾಕೆ?" ಇಂಥ ಪ್ರಶ್ನೆಗೆ ಯಾವ ಮೇಷ್ಟ್ರೂ ಬೇಸರಪಡುವುದಿಲ್ಲ. ಬರೀ ಫೋಟೋ ಹಾಕಿ 'ಸಾಲ್ವ್ ಮಾಡಿ ಪ್ಲೀಸ್' ಅಂದರೆ ಉತ್ತರ ಬಂದರೂ ನಿಮಗೆ ಏನೂ ಬಂದಿರುವುದಿಲ್ಲ.

ಮೊದಲು ಪಕ್ಕದ ಬೆಂಚಿನವರನ್ನು ಕೇಳಿ. ನಿನ್ನೆಯಷ್ಟೇ ಅದೇ ಜಾಗದಲ್ಲಿ ಎಡವಿದವರಿಗೆ ಆ ಕಲ್ಲು ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎಐ ಕೇಳುವವರೂ ಈಗ ಬಹಳ. ಕೇಳಿ, ಬೇಡ ಅನ್ನುವುದಿಲ್ಲ. ಆದರೆ "ಉತ್ತರ ಹೇಳಬೇಡ, ನನ್ನ ಮೂರನೇ ಸಾಲಿನಲ್ಲಿ ತಪ್ಪಿದೆಯಾ ನೋಡು" ಅಂತ ಕೇಳಿ. ಅದು ಧೈರ್ಯವಾಗಿ ತಪ್ಪು ಹೇಳುವುದೂ ಉಂಟು, ಹಾಗಾಗಿ ತಾಳೆ ನೋಡುವ ಕೆಲಸ ನಿಮ್ಮದೇ. ಚಲನೆ ಕಣ್ಣಿಗೆ ಕಟ್ಟದಿದ್ದರೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಿವೆ. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಬಲ ಹೆಚ್ಚಿಸಿ, ಘರ್ಷಣೆ ಕಡಿಮೆ ಮಾಡಿ, ಪೆಟ್ಟಿಗೆ ಹೇಗೆ ಓಡುತ್ತದೆ ಅಂತ ಅಲ್ಲೇ ನೋಡಬಹುದು.

ತಾಳೆ ನೋಡುವುದು ಹೇಗೆ? ಒಂದು ಬಸ್ಸಿನ ಲೆಕ್ಕ ತೆಗೆದುಕೊಳ್ಳಿ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಬರುವ ಬಸ್ಸು ಬ್ರೇಕ್ ಹಾಕಿದ ಮೇಲೆ 50 ಮೀಟರ್ ದೂರದಲ್ಲಿ ನಿಲ್ಲುತ್ತದೆ. ವೇಗ ಕುಗ್ಗುವ ದರ ಎಷ್ಟು? ಆರಂಭಿಕ ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಬೇಕು. 72ನ್ನು ಹಾಗೇ ಹಾಕಿದವರಿಗೆ 51.84 ಬರುತ್ತದೆ. ಪ್ರತಿ ವರ್ಷ ಕ್ಲಾಸಿನಲ್ಲಿ ಕೆಲವರಿಗಾದರೂ ಬರುತ್ತದೆ. ಈಗ ಆ ಸಂಖ್ಯೆಯನ್ನು ಸ್ವಲ್ಪ ಹೊತ್ತು ನೋಡಿ. ಕೈಬಿಟ್ಟ ಕಲ್ಲಿನ ವೇಗ ಹೆಚ್ಚುವ ದರವೇ 9.8. ಅದರ ಐದು ಪಟ್ಟಿಗಿಂತ ಜಾಸ್ತಿ! ಹಾಗೆ ಬ್ರೇಕ್ ಬಿದ್ದರೆ ಬಸ್ಸಿನಲ್ಲಿ ನಿಂತವರ ಗತಿ ಏನು? ಅಲ್ಲೇ ಅನುಮಾನ ಬರಬೇಕು. ಏಕಮಾನ ಬದಲಿಸಿಲ್ಲ. ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್, ಇದೊಂದು ಬಾಯಿಪಾಠವಾಗಿರಲಿ. 72 ಅಂದರೆ 20 ಮೀಟರ್. 400ನ್ನು 100ರಿಂದ ಭಾಗಿಸಿದರೆ 4. ಇದು ನಂಬುವ ಸಂಖ್ಯೆ.

ಸಹಾಯ ಸಿಕ್ಕ ಮೇಲೆ ಒಂದು ಕೆಲಸ ಉಳಿದಿರುತ್ತದೆ, ಹೆಚ್ಚಿನವರು ಬಿಡುವುದು ಅದನ್ನೇ. ಮಾರನೇ ದಿನ ಬೆಳಿಗ್ಗೆ ನೋಟ್‌ಬುಕ್ ಮುಚ್ಚಿಟ್ಟು ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡಿ. ಆಮೇಲೆ ಒಂದು ಸಂಖ್ಯೆ ಬದಲಿಸಿ. ಬ್ರೇಕ್ ಅದೇ, ಬಸ್ಸಿನ ವೇಗ ಮಾತ್ರ 36 ಕಿ.ಮೀ. ಈಗ ಎಷ್ಟು ದೂರದಲ್ಲಿ ನಿಲ್ಲುತ್ತದೆ? ವೇಗ ಅರ್ಧವಾಯಿತು, ದೂರವೂ ಅರ್ಧ, 25 ಮೀಟರ್ ಅಂತ ನಾಲಿಗೆ ತುದಿಗೆ ಬರುತ್ತದೆ. ಬಿಡಿಸಿ ನೋಡಿ, 12.5 ಬರುತ್ತದೆ. ಯಾಕೆ ಹಾಗೆ ಅಂತ ಪಕ್ಕದ ಬೆಂಚಿನವರಿಗೆ ಹೇಳಿಕೊಡಿ. ಹೇಳುತ್ತಾ ಹೇಳುತ್ತಾ ಎಲ್ಲಾದರೂ ನಿಂತರೆ ಆ ಹಾಳೆ ತೆಗೆದುಕೊಂಡು ಸ್ಟಾಫ್ ರೂಮಿಗೆ ಬನ್ನಿ.