ನಮ್ಮೂರಿನ ಸದ್ದಿನಿಂದ ಟಿವಿಗೆ 30 ಸೆಕೆಂಡಿನ ಟೈಟಲ್ ಟ್ಯೂನ್ ಮಾಡುವುದು ಹೇಗೆ?

ದಾವಣಗೆರೆಯಲ್ಲಿ ಕೂತು ಟಿವಿಗೆ ಎಲೆಕ್ಟ್ರಾನಿಕ್ ಸಂಗೀತ ಮಾಡಬಹುದಾ? ಖಂಡಿತ ಮಾಡಬಹುದು. ಒಂದು ಮಾಮೂಲಿ ಲ್ಯಾಪ್‌ಟಾಪ್, ಹೆಡ್‌ಫೋನ್, ಕೈಯಲ್ಲಿರುವ ಮೊಬೈಲು. ಶುರು ಮಾಡಲು ಇಷ್ಟು ಸಾಕು. ಲೋಕಲ್ ಕೇಬಲ್ ಚಾನೆಲ್‌ನ ಸುದ್ದಿಗೆ, ಗೆಳೆಯರು ಮಾಡುವ ವೆಬ್ ಸೀರೀಸ್‌ಗೆ, ಕಾಲೇಜು ಹುಡುಗರ ಸಾಕ್ಷ್ಯಚಿತ್ರಕ್ಕೆ, ಎಲ್ಲದಕ್ಕೂ ಟೈಟಲ್ ಮ್ಯೂಸಿಕ್ ಬೇಕು. ಈಗ ತುಂಬ ಜನ ನೆಟ್‌ನಲ್ಲಿ ಸಿಗುವ ರೆಡಿಮೇಡ್ ಲೂಪ್ (ಮತ್ತೆ ಮತ್ತೆ ಸುತ್ತುವ ಸಂಗೀತದ ತುಣುಕು) ತಂದು ಅಂಟಿಸುತ್ತಾರೆ. ಹಾಗಾಗಿ ನಮ್ಮ ಜಿಲ್ಲೆಯ ಸುದ್ದಿಯೂ ಬ್ರೆಜಿಲ್‌ನ ಜಾಹೀರಾತೂ ಒಂದೇ ಥರ ಕೇಳಿಸುತ್ತವೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ನಮ್ಮೂರಿನ ಕಾರ್ಯಕ್ರಮಕ್ಕೆ ನಮ್ಮೂರಿನ ಸದ್ದೇ ಇರಲಿ ಅಂತ ಆಸೆಪಡುವವರಿಗಾಗಿ ಈ ಲೇಖನ.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಹಳೇ ಕತೆ ಗೊತ್ತಿರಬೇಕು. ಬ್ರಿಟನ್ನಿನ ಬಿಬಿಸಿಯಲ್ಲಿ 1958ರಲ್ಲಿ ರೇಡಿಯೊಫೋನಿಕ್ ವರ್ಕ್‌ಶಾಪ್ ಅಂತ ಒಂದು ವಿಭಾಗ ಶುರುವಾಯಿತು. ರೇಡಿಯೊ ಮತ್ತು ಟಿವಿಗೆ ಬೇಕಾದ ಹೊಸ ಬಗೆಯ ಸದ್ದುಗಳನ್ನು ಮಾಡಿಕೊಡುವುದು ಅದರ ಕೆಲಸ. 1963ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಗೆ ರಾನ್ ಗ್ರೇನರ್ ಒಂದು ಟ್ಯೂನ್ ಬರೆದುಕೊಟ್ಟರು. ಅದಕ್ಕೆ ಸದ್ದಿನ ರೂಪ ಕೊಟ್ಟವರು ಆ ವಿಭಾಗದ ಡೆಲಿಯಾ ಡರ್ಬಿಶೈರ್. ಅವರ ಕೈಯಲ್ಲಿ ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ, ಇರಲಿಲ್ಲ. ಒಂದು ತಂತಿಯನ್ನು ಮೀಟಿ ಟೇಪಿನಲ್ಲಿ ಹಿಡಿದರು. ಟೇಪನ್ನು ಜೋರಾಗಿ ಓಡಿಸಿದರೆ ಸ್ವರ ಏರುತ್ತದೆ, ನಿಧಾನ ಮಾಡಿದರೆ ಇಳಿಯುತ್ತದೆ. ಹಾಗೆ ಒಂದೊಂದೇ ಸ್ವರ ಮಾಡಿ, ಟೇಪ್ ಕತ್ತರಿಸಿ, ಅಂಟಿಸಿ ಟ್ಯೂನ್ ಕಟ್ಟಿದರು. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರ ಅಂದರೆ ಏಳೂವರೆ ಇಂಚಿನ ತುಂಡು. ಸಂಗೀತವನ್ನು ಸ್ಕೇಲ್ ಹಿಡಿದು ಅಳೆಯುವ ಕೆಲಸ ಅದು. ಜೊತೆಗೆ ಯಂತ್ರಗಳನ್ನು ಪರೀಕ್ಷಿಸಲು ಇಟ್ಟಿದ್ದ, ಒಂದೇ ಸಮನೆ ಸ್ವರ ಹೊರಡಿಸುವ ಆಸಿಲೇಟರ್‌ಗಳ ಕೂಗು, ಸುಯ್ ಅನ್ನುವ ವೈಟ್ ನಾಯ್ಸ್. ಹಲವು ಸದ್ದನ್ನು ಬೇರೆ ಬೇರೆ ಸಾಲಿನಲ್ಲಿ (ಟ್ರ್ಯಾಕ್) ಹಿಡಿಯುವ ರೆಕಾರ್ಡರ್ ಕೂಡ ಇರಲಿಲ್ಲ. ಬೇರೆ ಬೇರೆ ಟೇಪ್ ಯಂತ್ರಗಳನ್ನು ಒಟ್ಟಿಗೆ ಓಡಿಸಿ ಮಿಕ್ಸ್ ಮಾಡಿದರು.

ನಾವು ಮಾಡಲು ಹೊರಟಿರುವುದೂ ಇದನ್ನೇ. ಬ್ಲೇಡಿನ ಬದಲು ಮೌಸ್ ಇದೆ, ಅಷ್ಟೇ.

ಹೆಜ್ಜೆ 1: ಸದ್ದು ಹಿಡಿಯಿರಿ

ಲ್ಯಾಪ್‌ಟಾಪ್ ತೆರೆಯುವ ಮುಂಚೆ ಮನೆಯಿಂದ ಹೊರಗೆ ಬನ್ನಿ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಚುಂಯ್ ಅನ್ನುತ್ತಲ್ಲ, ಅದು ವೈಟ್ ನಾಯ್ಸ್‌ಗೆ ತುಂಬ ಹತ್ತಿರದ ಸದ್ದು. ಡರ್ಬಿಶೈರ್ ಯಂತ್ರದಿಂದ ಪಡೆದದ್ದು ನಿಮಗೆ ಬೆಳಗಿನ ತಿಂಡಿ ಹೊತ್ತಿಗೇ ಸಿಗುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿಗೆ ಬಿದ್ದ ಅಕ್ಕಿ ಅರಳುವ ಚಟಪಟ ಸದ್ದು ಒಳ್ಳೇ ತಾಳವಾಗುತ್ತದೆ. ಸ್ಟೀಲ್ ಲೋಟವನ್ನು ಚಮಚದಿಂದ ತಟ್ಟಿದರೆ ಗಂಟೆಯಂಥ ನಾದ. ಚಿತ್ರದುರ್ಗದವರಿಗೆ ಗುಡ್ಡದ ಮೇಲಿನ ಗಾಳಿ ಫ್ಯಾನುಗಳಿವೆ. ಆ ದೊಡ್ಡ ರೆಕ್ಕೆಗಳು ಸುತ್ತುವ ವೂಂ ವೂಂ ಸದ್ದಿಗೆ ತನ್ನದೇ ಲಯ ಇದೆ. ರಸ್ತೆ ಬದಿಯಿಂದಲೇ ಹಿಡಿಯಿರಿ. ಬೇಲಿ ದಾಟಿ ಹೋಗಬೇಡಿ.

ಉರುಮೆ, ಸಮಾಳ, ಕಾಡುಗೊಲ್ಲರ ಗಣೆ ಇವೆಲ್ಲ ನಮ್ಮ ಭಾಗದ ದೊಡ್ಡ ಆಸ್ತಿ. ಆದರೆ ಕಲಾವಿದರ ಸದ್ದು ಹಿಡಿಯುವುದಾದರೆ ಮೊದಲು ಅವರನ್ನು ಕೇಳಿ. ಎಲ್ಲಿ ಬಳಸುತ್ತೀರಿ ಅಂತ ಬಿಡಿಸಿ ಹೇಳಿ. ದುಡ್ಡು ಕೊಡಿ, ಹೆಸರು ಹಾಕಿ. ಇದರಲ್ಲಿ ಚೌಕಾಸಿ ಬೇಡ. ಗಣೆ ಬರೀ ಉದ್ದನೆಯ ಬಿದಿರ ಕೊಳಲಲ್ಲ, ಅವರ ದೈವ ಜುಂಜಪ್ಪನ ಭಕ್ತಿಯ ಜೊತೆ ಬೆಸೆದುಕೊಂಡಿರುವ ವಾದ್ಯ. ಅದನ್ನು ಸೋಪಿನ ಜಾಹೀರಾತಿಗೆ ಹಾಕುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಮೊಬೈಲಿನ ರೆಕಾರ್ಡಿಂಗ್ ಆ್ಯಪ್‌ನಲ್ಲಿ ವೇವ್ ಫಾರ್ಮ್ಯಾಟ್, 48 ಕಿಲೋಹರ್ಟ್ಜ್ ಆರಿಸಿಕೊಳ್ಳಿ. ಎಂಪಿ3 ಬೇಡ, ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ. ಫೈಲ್ ಚಿಕ್ಕದು ಮಾಡಲು ಅವು ಸದ್ದಿನ ಒಂದಷ್ಟು ಭಾಗವನ್ನು ಕಿತ್ತು ಹಾಕಿರುತ್ತವೆ. ಸುಮ್ನೆ ಕೇಳುವಾಗ ಗೊತ್ತಾಗುವುದಿಲ್ಲ. ಸದ್ದನ್ನು ನಿಧಾನ ಮಾಡಿ ಎಳೆದಾಗ ಆ ತೂತುಗಳೆಲ್ಲ ಕಿವಿಗೆ ಬೀಳುತ್ತವೆ. ಗಾಳಿ ಜಾಸ್ತಿ ಇದ್ದರೆ ಅದಕ್ಕೆ ಬೆನ್ನು ಹಾಕಿ ನಿಂತು, ಮೈಕ್‌ಗೆ ತೆಳು ಸ್ಪಂಜು ಅಡ್ಡ ಇಡಿ. ಪ್ರತಿ ಸದ್ದಿನ ಹಿಂದೆ ಮುಂದೆ ಸ್ವಲ್ಪ ಮೌನ ಬಿಡಿ. ಕತ್ತರಿಸುವಾಗ ಬೇಕಾಗುತ್ತದೆ.

ಹೆಜ್ಜೆ 2: ಲೆಕ್ಕ ಹಾಕಿ

ಟಿವಿ ಸಂಗೀತದಲ್ಲಿ ಹೊಸಬರು ಎಡವುವುದು ಇಲ್ಲಿಯೇ. ಚಂದದ ಟ್ಯೂನ್ ಮಾಡಿರುತ್ತಾರೆ, ಅದು 33 ಸೆಕೆಂಡ್ ಇರುತ್ತದೆ. ಎಡಿಟರ್ ಅದರ ಬಾಲ ಕತ್ತರಿಸುತ್ತಾನೆ. ಟ್ಯೂನ್ ಸತ್ತಂತೆ.

ನಮ್ಮ ದೇಶದ ಟಿವಿ ಸೆಕೆಂಡಿಗೆ 25 ಫ್ರೇಮ್ ಓಡುತ್ತದೆ. 30 ಸೆಕೆಂಡ್ ಅಂದರೆ 750 ಫ್ರೇಮ್. ಇದರೊಳಗೆ ಸಂಗೀತ ಕರಾರುವಾಕ್ಕಾಗಿ ಕೂರಬೇಕು. ಹಾಗಾಗಿ ಮೊದಲು ವೇಗ ಗೊತ್ತು ಮಾಡಿಕೊಳ್ಳಿ. ನಿಮಿಷಕ್ಕೆ 96 ಬಡಿತ ಇಟ್ಟುಕೊಳ್ಳಿ. 60ನ್ನು 96ರಿಂದ ಭಾಗಿಸಿದರೆ ಒಂದು ಬಡಿತಕ್ಕೆ 0.625 ಸೆಕೆಂಡ್. ಎಂಟು ಬಡಿತದ ಒಂದು ಆದಿತಾಳದ ಆವರ್ತಕ್ಕೆ ಸರಿಯಾಗಿ 5 ಸೆಕೆಂಡ್. ಎಷ್ಟು ಚೆಂದ ಅಲ್ವಾ! 30 ಸೆಕೆಂಡಿನ ಟೈಟಲ್‌ಗೆ ಆರು ಆವರ್ತ, 15 ಸೆಕೆಂಡಿನ ಪ್ರೋಮೊಗೆ ಮೂರು, ಜಾಹೀರಾತಿನಿಂದ ವಾಪಸ್ ಬರುವಾಗಿನ 5 ಸೆಕೆಂಡಿನ ತುಣುಕಿಗೆ ಒಂದು. ಒಂದೇ ಟ್ಯೂನ್‌ನಿಂದ ಎಲ್ಲವೂ ಲೆಕ್ಕ ತಪ್ಪದೆ ಬರುತ್ತವೆ. 100 ನೋಡಲು ಸುಲಭದ ಸಂಖ್ಯೆ. ಆದರೆ ಅದರಲ್ಲಿ ಆವರ್ತಕ್ಕೆ 4.8 ಸೆಕೆಂಡ್, ಹಾಗಾಗಿ 30ಕ್ಕೆ ಸರಿಯಾಗಿ ಕೂರುವುದಿಲ್ಲ. ಸುದ್ದಿಗೆ ಅವಸರದ ಓಟ ಬೇಕು ಅಂದರೆ 128 ಹಿಡಿಯಿರಿ. ನಾಲ್ಕು ಬಡಿತದ 16 ಬಾರ್‌ಗೆ ಸರಿಯಾಗಿ 30 ಸೆಕೆಂಡ್.

ಕಾರ್ಯಕ್ರಮದ ಹೆಸರು ಪರದೆ ಮೇಲೆ ಯಾವ ಸೆಕೆಂಡಿಗೆ ಬರುತ್ತದೆ ಅಂತ ಎಡಿಟರ್ ಹತ್ತಿರ ಕೇಳಿ ಬರೆದುಕೊಳ್ಳಿ. ಅದು 25ನೇ ಸೆಕೆಂಡಿಗೆ ಬಂದರೆ ಕೊನೆಯ ಆವರ್ತದ ಮೊದಲ ಪೆಟ್ಟು ಅಲ್ಲಿಯೇ ಬಿದ್ದಿರುತ್ತದೆ. ಉಳಿದ ಐದು ಸೆಕೆಂಡಿನಲ್ಲಿ ಹೊಸದೇನೂ ತುರುಕಬೇಡಿ. ಆ ಪೆಟ್ಟಿನ ನಾದ ತಾನಾಗಿ ಕರಗಲಿ.

ಹೆಜ್ಜೆ 3: ಬಾಯಲ್ಲಿ ಹಾಡಿ

ಟೈಟಲ್ ಟ್ಯೂನ್‌ನ ಕೆಲಸ ಒಂದೇ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವರಿಗೂ ಸೀರಿಯಲ್ ಶುರುವಾಯಿತು ಅಂತ ಗೊತ್ತಾಗಬೇಕು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ನೆನಪಿಸಿಕೊಳ್ಳಿ. ಎಲ್. ವೈದ್ಯನಾಥನ್ ಕೊಟ್ಟ ಆ ಟ್ಯೂನ್ ಇವತ್ತಿಗೂ ಜನರ ಬಾಯಲ್ಲಿದೆ. ಬಾಯಲ್ಲಿ ಗುನುಗಲು ಬರುತ್ತದೆ, ಅದಕ್ಕೇ ಉಳಿದಿದೆ. ನೀವು ಸಾಫ್ಟ್‌ವೇರ್ ಮುಟ್ಟುವ ಮುಂಚೆ ಟ್ಯೂನ್ ಅನ್ನು ಬಾಯಲ್ಲಿ ಹಾಡಿ ಮೊಬೈಲ್‌ನಲ್ಲಿ ಹಿಡಿಯಿರಿ. ಮಾರನೇ ದಿನ ರೆಕಾರ್ಡಿಂಗ್ ಕೇಳದೆ ಹಾಡಲು ಬಂದರೆ ಅದನ್ನು ಇಟ್ಟುಕೊಳ್ಳಿ. ಬರಲಿಲ್ಲ ಅಂದರೆ ಬಿಡಿ, ಇನ್ನೊಂದು ಹುಡುಕಿ.

ಹೆಜ್ಜೆ 4: ಕಂಪ್ಯೂಟರಿನಲ್ಲಿ ಕಟ್ಟಿ

ಸಂಗೀತ ಕಟ್ಟುವ ಸಾಫ್ಟ್‌ವೇರ್ ಎಲ್‌ಎಂಎಂಎಸ್ ಪೂರ್ತಿ ಉಚಿತ. ಅಂಥದ್ದೇ ಇನ್ನೊಂದು, ರೀಪರ್, 60 ದಿನ ಬಳಸಿ ನೋಡಿ ಆಮೇಲೆ ಲೈಸೆನ್ಸ್ ಕೊಳ್ಳಬಹುದು. ಸಿಂಥ್‌ಗೆ, ಅಂದರೆ ಸಿಂಥಸೈಸರ್‌ಗೆ, ಸರ್ಜ್ ಎಕ್ಸ್‌ಟಿ ಅನ್ನುವ ಸಾಫ್ಟ್‌ವೇರ್ ಇದೆ, ಅದಕ್ಕೂ ದುಡ್ಡಿಲ್ಲ. ಕಳ್ಳ ಕಾಪಿಯ ಗೊಡವೆ ಬೇಡ.

ಹಿಡಿದ ಸದ್ದುಗಳನ್ನು ಒಂದೊಂದಾಗಿ ಸಾಫ್ಟ್‌ವೇರ್‌ನ ಸ್ಯಾಂಪ್ಲರ್‌ಗೆ ಹಾಕಿ. ಈಗ ಕೀಬೋರ್ಡಿನ ಯಾವ ಕೀ ಒತ್ತಿದರೂ ಆ ಸದ್ದು ಬೇರೆ ಬೇರೆ ಶ್ರುತಿಯಲ್ಲಿ ಬರುತ್ತದೆ. ಒಂದು ಆಕ್ಟೇವ್ (ಸ್ಥಾಯಿ) ಕೆಳಗೆ ಒತ್ತಿದರೆ ಸದ್ದು ಅರ್ಧ ವೇಗದಲ್ಲಿ ಓಡುತ್ತದೆ. ಹಳೇ ಟೇಪಿನ ಲೆಕ್ಕವೇ ಇದು. ಗಾಳಿ ಫ್ಯಾನಿನ ಸದ್ದನ್ನು ಎರಡು ಆಕ್ಟೇವ್ ಇಳಿಸಿ ನೋಡಿ. ಅದು ನೆಲದಡಿಯಿಂದ ಬಂದ ಹಾಗೆ ಕೇಳಿಸುತ್ತದೆ. ಅದನ್ನು ಷಡ್ಜಕ್ಕೆ ಕೂರಿಸಿದರೆ ತಂಬೂರಿ ಬೇಕಿಲ್ಲ. ಕಾವಲಿಯ ಚುಂಯ್ ಅನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಕತ್ತರಿಸಿ ಪ್ರತಿ ಬಡಿತಕ್ಕೂ ಇಟ್ಟರೆ ಗೆಜ್ಜೆಯ ಕೆಲಸ ಮಾಡುತ್ತದೆ. ಅದನ್ನೇ ಪೂರ್ತಿ ಉದ್ದಕ್ಕೆ ಬಿಟ್ಟು, ಫಿಲ್ಟರ್ ಹಾಕಿ ಮೊದಲು ಮಂದವಾಗಿಟ್ಟು ನಿಧಾನಕ್ಕೆ ತೆರೆಯುತ್ತ ಹೋದರೆ ಹೆಸರು ಬರುವ ಕ್ಷಣಕ್ಕೆ ಏರುವ ಅಲೆ ಸಿದ್ಧ. ಟ್ಯೂನ್ ಅನ್ನು ಲೋಟದ ನಾದದಲ್ಲಿ ನುಡಿಸಿ, ಅದರ ಕೆಳಗೆ ಸಿಂಥ್‌ನ ಮೆದು ಸದ್ದು ಒಂದನ್ನು ಸೇರಿಸಿ.

ಇಲ್ಲಿ ಒಂದು ತೊಡಕಿದೆ. ಕೀಬೋರ್ಡಿನ ಸ್ವರಗಳು ಮೆಟ್ಟಿಲು ಹತ್ತುತ್ತವೆ, ನಮ್ಮ ಸಂಗೀತ ಜಾರುತ್ತದೆ. ಸಿಂಥ್‌ನಲ್ಲಿ ಗ್ಲೈಡ್ ಅಥವಾ ಪೋರ್ಟಮೆಂಟೊ ಅನ್ನುವ ಗುಂಡಿ ಇರುತ್ತದೆ. ಅದನ್ನು ಸ್ವಲ್ಪವೇ ತಿರುಗಿಸಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರು ಬರುತ್ತದೆ. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ. ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808 ಯಂತ್ರಗಳನ್ನು ಇಟ್ಟುಕೊಂಡು ಡಿಸ್ಕೊ ತಾಳದ ಮೇಲೆ ಹತ್ತು ರಾಗ ನುಡಿಸಿದರು. ಆಗ ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ದಶಕಗಳ ಮೇಲೆ ಪ್ರಪಂಚವೆಲ್ಲ ಹುಡುಕಿಕೊಂಡು ಬಂತು. ಹಿಂದೂಸ್ತಾನಿ ಆಗಲಿ ಕರ್ನಾಟಕಿ ಆಗಲಿ, ಒಂದಿಷ್ಟು ಪಾಠ ಆಗಿರುವವರು ಈ ಗುಂಡಿಯನ್ನು ಚೆನ್ನಾಗಿ ಪಳಗಿಸಬಲ್ಲರು.

ಒಟ್ಟು ಐದಾರು ಟ್ರ್ಯಾಕ್ ಮೀರಬೇಡಿ.

ಹೆಜ್ಜೆ 5: ಟಿವಿಯಲ್ಲೇ ಕೇಳಿ ಮಿಕ್ಸ್ ಮಾಡಿ

ಹೆಡ್‌ಫೋನಿನಲ್ಲಿ ಎದೆ ನಡುಗಿಸುವ ಬೇಸ್ ಟಿವಿಯಲ್ಲಿ ಮಾಯವಾಗುತ್ತದೆ. ತೆಳ್ಳನೆಯ ಟಿವಿಗಳ ಸ್ಪೀಕರ್ ಚಿಕ್ಕದು. 50, 60 ಹರ್ಟ್ಜ್‌ನಂಥ ತೀರಾ ತಗ್ಗಿನ ಸದ್ದು ಅದರಿಂದ ಹೊರಡುವುದೇ ಇಲ್ಲ. ಬೇಸ್ ಟ್ರ್ಯಾಕ್‌ಗೆ ಸ್ವಲ್ಪ ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಹಾಕಿ. ಆಗ ಮೂಲ ಸ್ವರಕ್ಕಿಂತ ಮೇಲಿನ ಜೊತೆ ಸ್ವರಗಳು, ಅಂದರೆ ಹಾರ್ಮೋನಿಕ್‌ಗಳು, ಹುಟ್ಟುತ್ತವೆ. ಅವು ಕೇಳಿಸಿದರೆ ಕಿವಿ ಕೆಳಗಿನ ಸ್ವರವನ್ನೂ ತಾನೇ ತುಂಬಿಕೊಳ್ಳುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿ ಮನೆ ಟಿವಿಯಲ್ಲಿ ಕೇಳಿ. ಆಮೇಲೆ ಮೊಬೈಲ್ ಸ್ಪೀಕರಿನಲ್ಲಿ ಕೇಳಿ. ಮೊನೊದಲ್ಲೂ ಒಮ್ಮೆ ಕೇಳಿ. ಎಡ ಬಲ ಸೇರಿದಾಗ ಯಾವುದಾದರೂ ವಾದ್ಯ ಕಾಣೆಯಾದರೆ ಅದರ ಸ್ಟೀರಿಯೊ ಹರವನ್ನು ತಗ್ಗಿಸಿ. ಮಾತಿನ ಹಿಂದೆ ಓಡುವ ಹಿನ್ನೆಲೆ ಸಂಗೀತ (ಬಿಜಿಎಂ) ಆದರೆ 1ರಿಂದ 4 ಕಿಲೋಹರ್ಟ್ಜ್ ನಡುವಿನ ಭಾಗವನ್ನು ಸ್ವಲ್ಪ ಇಳಿಸಿ. ಮಾತು ಸ್ಪಷ್ಟವಾಗುವುದು ಅಲ್ಲಿಯೇ.

ಹೆಜ್ಜೆ 6: ಒಪ್ಪಿಸಿ, ಹೆಸರು ಬರೆಸಿ

ಕೊಡುವುದು 48 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲ್. ಎಷ್ಟು ಜೋರಿರಬೇಕು ಅಂತ ಚಾನೆಲ್‌ನ ತಾಂತ್ರಿಕ ವಿಭಾಗದವರನ್ನು ಕೇಳಿ. ಯುರೋಪಿನ ಪ್ರಸಾರ ಒಕ್ಕೂಟದ ಅಳತೆ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅಂತ ಅಳೆಯುವ ಮಾನ). ಯೂಟ್ಯೂಬ್‌ಗಾದರೆ ಮೈನಸ್ 14ರ ಆಸುಪಾಸು. ಈ ಅಳತೆಯ ಮೀಟರ್ ರೀಪರ್‌ನಲ್ಲೇ ಇದೆ.

ಹಣ ಎಷ್ಟೇ ಇರಲಿ, ಒಂದು ಪುಟದ ಕರಾರು ಇರಲೇಬೇಕು. ಜೊತೆಗೆ ಕ್ಯೂ ಶೀಟ್. ಟ್ಯೂನ್‌ನ ಹೆಸರು, ಸಂಗೀತ ಮಾಡಿದವರ ಹೆಸರು, ಎಷ್ಟು ಸೆಕೆಂಡ್, ಟೈಟಲ್‌ಗೋ ಹಿನ್ನೆಲೆಗೋ, ಇಷ್ಟನ್ನು ಬರೆದ ಪಟ್ಟಿ ಅದು. ಸಂಗೀತ ಮಾಡುವವರಿಗೆ ರಾಯಲ್ಟಿ ವಸೂಲಿ ಮಾಡಿಕೊಡುವ, 1969ರಲ್ಲಿ ಶುರುವಾದ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾದರೆ ಟ್ಯೂನ್ ಪ್ರಸಾರವಾದಾಗ ರಾಯಲ್ಟಿ ಕೇಳಲು ಇದೇ ಆಧಾರ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿ ಸಂಗೀತ ಮಾಡುವವರ ರಾಯಲ್ಟಿ ಪಾಲಿಗೆ ರಕ್ಷಣೆ ಕೊಟ್ಟಿದೆ. ಪೂರ್ತಿ ಬಿಟ್ಟುಕೊಟ್ಟಿದ್ದೇನೆ ಅಂತ ಬರೆದ ಕರಾರು ಮುಂದಿಟ್ಟರೆ ಸಹಿಗೆ ಮುಂಚೆ ವಕೀಲರಿಗೆ ತೋರಿಸಿ. ಹೆಸರಿನ ವಿಷಯದಲ್ಲಿ ಸಂಕೋಚ ಬೇಡ. ಡರ್ಬಿಶೈರ್ ತೀರಿಕೊಂಡಿದ್ದು 2001ರಲ್ಲಿ. ‘ಡಾಕ್ಟರ್ ಹೂ’ ಧಾರಾವಾಹಿಯ ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಮೊದಲ ಸಲ ಬಂದಿದ್ದು 2013ರ ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ.

ಕೊನೆಯದಾಗಿ, ಮೂಲ ರೆಕಾರ್ಡಿಂಗ್, ಪ್ರಾಜೆಕ್ಟ್ ಫೈಲ್, ಒಂದೊಂದು ವಾದ್ಯದ ಬೇರೆ ಬೇರೆ ಟ್ರ್ಯಾಕ್, ಎಲ್ಲವನ್ನೂ ಎರಡು ಕಡೆ ಕಾಪಿ ಮಾಡಿಡಿ. ಹಬ್ಬದ ಹಿಂದಿನ ರಾತ್ರಿ ಚಾನೆಲ್‌ನವರು ಫೋನ್ ಮಾಡಿ, ಅದೇ ಟ್ಯೂನ್ ಹತ್ತು ಸೆಕೆಂಡಿಗೆ ಬೇಕು, ತಾಳ ಇಲ್ಲದೆ ಬೇಕು ಅಂತ ಕೇಳುತ್ತಾರೆ. 96ರ ವೇಗದಲ್ಲಿ ಮಾಡಿದ್ದರೆ ಎರಡು ಆವರ್ತ ಮಾತ್ರ ಇಟ್ಟುಕೊಂಡು, ತಾಳದ ಟ್ರ್ಯಾಕ್ ಮ್ಯೂಟ್ ಮಾಡಿ ಕಳಿಸಿದರಾಯಿತು.