ಅಂದರ್-ಬಾಹರ್ ಲೆಕ್ಕದಲ್ಲಿ ನಾನು ಎಡವಿದ್ದು

ಧಾರವಾಡದ ಸಪ್ತಾಪುರದಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಸಂಭವನೀಯತೆಯ ಪಾಠ ಬಂತೆಂದರೆ ನನ್ನ ಜೇಬಿನಲ್ಲಿ ಒಂದು ಇಸ್ಪೀಟ್ ಕಟ್ಟು ಇರುತ್ತದೆ. ಮೊದಲ ವರ್ಷ ಒಬ್ಬ ಹುಡುಗನ ತಾಯಿ ಬಾಗಿಲಲ್ಲೇ ನಿಂತು, "ಹುಡುಗರಿಗೆ ಇಸ್ಪೀಟ್ ಕಲಿಸಾಕ ಹತ್ತೀರೇನ್ರಿ ಸರ?" ಎಂದು ಕೇಳಿದ್ದರು. ಪುಸ್ತಕದಲ್ಲಿದ್ದ ಲೆಕ್ಕ ತೋರಿಸಿದ ಮೇಲೆ ಸುಮ್ಮನಾದರು.

ಶುರುವಿನ ಲೆಕ್ಕಗಳು ಸುಲಭ. 52 ಎಲೆ, ನಾಲ್ಕು ಎಕ್ಕ. ಎಕ್ಕ ಬರುವ ಸಾಧ್ಯತೆ 4/52, ಅಂದರೆ 1/13. "ರಾಜ ಅಥವಾ ಆಟೀನ್ (ಹೃದಯದ ಗುರುತಿನ ಎಲೆ)" ಎಂದು ಕೇಳಿದರೆ ಮಾತ್ರ ಅರ್ಧ ಕ್ಲಾಸು 17/52 ಅನ್ನುತ್ತದೆ. ಆಟೀನ್ ರಾಜನನ್ನು ಎರಡು ಸಲ ಎಣಿಸಿರುತ್ತಾರೆ. ಎಲೆಗಳನ್ನು ನೆಲದ ಮೇಲೆ ಹರಡಿ ಆ ಒಂದು ಎಲೆಯನ್ನು ಎತ್ತಿ ಹಿಡಿದರೆ ಸಾಕು, 16/52 ಅಂತ ತಾವೇ ತಿದ್ದಿಕೊಳ್ಳುತ್ತಾರೆ.

ಎಡವಟ್ಟಾದದ್ದು ದೀಪಾವಳಿ ರಜೆ ಮುಗಿದ ಮೇಲೆ. "ಸರ್ರ, ಅಂದರ್-ಬಾಹರ್‌ದಾಗ ಎರಡೂ ಕಡೆ ಚಾನ್ಸ್ ಒಂದಽ ಏನ್ರಿ?" ಎಂದು ಒಬ್ಬ ಕೇಳಿದ. ಹಬ್ಬದಲ್ಲಿ ಎಲ್ಲೋ ನೋಡಿರಬೇಕು. ನಾನು ಸುಮ್ನೆ "ಹೌದಪ್ಪ, ಅರ್ಧ-ಅರ್ಧ" ಅಂದುಬಿಟ್ಟೆ. ಬೈಕ್ ಸ್ಟಾರ್ಟ್ ಮಾಡುವಾಗಲೇ ಅನುಮಾನ ಬಂತು.

ಊಟವಾದ ಮೇಲೆ ಹಾಳೆ ಹಿಡಿದು ಕೂತೆ. ಆಟ ಶುರುವಾಗುವುದು ಒಂದು ಎಲೆ ತೆರೆದಿಟ್ಟು. ಅದು ಏಳು ಅಂತಿಟ್ಟುಕೊಳ್ಳಿ. ಉಳಿದದ್ದು 51 ಎಲೆ, ಅದರಲ್ಲಿ ಏಳು ಮೂರೇ. ಒಳಗೊಂದು ಹೊರಗೊಂದು ಹಾಕುತ್ತಾ ಹೋಗಬೇಕು. ಮತ್ತೊಂದು ಏಳು ಮೊದಲು ಯಾವ ಕಡೆ ಬಿತ್ತೋ ಆ ಕಡೆಗೆ ಗೆಲುವು. ಮೊದಲ ಎಲೆಯೇ ಏಳಾಗುವ ಸಾಧ್ಯತೆ 3/51, ನೂರಕ್ಕೆ 5.88. ಎರಡನೆಯದರಲ್ಲಿ ಗೆಲ್ಲಬೇಕಾದರೆ ಮೊದಲನೆಯದು ತಪ್ಪಿರಬೇಕು, ಅಲ್ವಾ? 48/51 × 3/50, ಅಂದರೆ 5.65. ಮೂರನೆಯದು 5.42, ನಾಲ್ಕನೆಯದು 5.19. ಹೀಗೆ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಪ್ರತಿ ಜೋಡಿಯಲ್ಲೂ ಮೊದಲು ಎಲೆ ಬೀಳುವ ಕಡೆಗೆ ಕೂದಲೆಳೆಯಷ್ಟು ಜಾಸ್ತಿ.

ಒಂದೊಂದೇ ಕೂಡಿಸಲು ಹೋದರೆ ಬೆಳಗಾಗುತ್ತಿತ್ತು. ಬೇರೆ ದಾರಿ ಹಿಡಿದೆ. ಮೂರು ಏಳುಗಳು 51 ಜಾಗಗಳಲ್ಲಿ ಒಟ್ಟು 20,825 ರೀತಿಯಲ್ಲಿ ಕೂರಬಹುದು. ಅವುಗಳಲ್ಲಿ ಮೊದಲ ಏಳು ಬೆಸ ಸಂಖ್ಯೆಯ ಜಾಗಕ್ಕೆ ಬರುವಂಥವು, ಅಂದರೆ ಮೊದಲು ಎಲೆ ಬೀಳುವ ಕಡೆ ಗೆಲ್ಲುವಂಥವು, 10,725. ಭಾಗಿಸಿದರೆ ನೂರಕ್ಕೆ 51.5. ಅರ್ಧವಲ್ಲ.

ಮರುದಿನ ಹೋಗಿ ತಪ್ಪು ಒಪ್ಪಿಕೊಂಡೆ. ಮಕ್ಕಳು ನಂಬಲಿಲ್ಲ, "ಆಡಿ ನೋಡೂಣ್ರಿ" ಅಂದರು. ಎರಡು ದಿನ ಸೇರಿ 100 ಆಟ ಹಾಕಿದೆವು, ದುಡ್ಡಿನ ಮಾತಿಲ್ಲದೆ. ಮೊದಲ ಕಡೆ ಗೆದ್ದದ್ದು 47! ಇಡೀ ಕ್ಲಾಸು ನಕ್ಕಿತು. ನೂರು ಆಟದಲ್ಲಿ ನಾಲ್ಕೈದು ಆಚೀಚೆ ಆಗುವುದು ಮಾಮೂಲಿ, ಈ ಒಂದೂವರೆ ಕಣ್ಣಿಗೆ ಕಾಣಬೇಕಾದರೆ ಸಾವಿರಗಟ್ಟಲೆ ಆಟ ಬೇಕು ಎಂದು ಹೇಳಿದೆ.

"ಹಂಗಾದ್ರ ನಾಳೆನೂ ಎಲಿ ತರ್ರಿ ಸರ" ಎಂದಿತು ಹಿಂದಿನ ಸಾಲು.