ಹಳೆ ಪಿಕಪ್‌ಗೆ ಟೈಮಿಂಗ್ ಬೆಲ್ಟ್: ಒಳಗಿನ ಚಿಕ್ಕ ಬೆಲ್ಟನ್ನು ಮರೆಯಬೇಡಿ

ನನ್ನದು ಹಳೆಯ ಮಿತ್ಸುಬಿಷಿ ಎಲ್200 ಪಿಕಪ್. ಒಳಗಿರುವುದು 4ಡಿ56 ಎಂಬ 2.5 ಲೀಟರ್ ಡೀಸೆಲ್ ಎಂಜಿನ್. ಸೆಕೆಂಡ್ ಹ್ಯಾಂಡ್ ಗಾಡಿ. ಪಿಸ್ಟನ್ ಮತ್ತು ವಾಲ್ವ್‌ಗಳ ಓಟವನ್ನು ಒಂದಕ್ಕೊಂದು ಹೊಂದಿಸುವ ಹಲ್ಲಿನ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಅದನ್ನು ಯಾವಾಗ ಬದಲಿಸಿದ್ದರು ಅನ್ನುವುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಸಾಮಾನ್ಯವಾಗಿ 90,000ದಿಂದ 1,00,000 ಕಿಲೋಮೀಟರಿಗೆ ಬದಲಿಸಬೇಕು ಎನ್ನುತ್ತಾರೆ. ದಾಖಲೆಯೇ ಇಲ್ಲದ ಗಾಡಿಯಲ್ಲಿ ಆ ಲೆಕ್ಕ ಇಟ್ಟುಕೊಂಡು ಏನು ಮಾಡುವುದು? ಮೀಟರ್ ಏನೇ ತೋರಿಸಲಿ, ಹೊಸದು ಹಾಕಿಬಿಡುವುದೇ ಸರಿ. ಓಡದೆ ನಿಂತ ಗಾಡಿಯಲ್ಲೂ ರಬ್ಬರ್‌ಗೆ ವಯಸ್ಸಾಗುತ್ತದೆ.

ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಗಾಡಿ ಸುಮ್ನೆ ನಿಂತುಬಿಡುವುದಿಲ್ಲ. ಹಳೆಯ 4ಡಿ56ರ ಕಂಪ್ರೆಷನ್, ಅಂದರೆ ಸಿಲಿಂಡರಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ, 21:1. ಪಿಸ್ಟನ್ ಮೇಲೆ ಬಂದಾಗ ವಾಲ್ವ್‌ಗೆ ಜಾಗವೇ ಇರುವುದಿಲ್ಲ, ನೇರ ಗುದ್ದುತ್ತದೆ. ಅದೃಷ್ಟ ಚೆನ್ನಾಗಿದ್ದರೆ ರಾಕರ್ ಆರ್ಮ್‌ಗಳು (ವಾಲ್ವ್ ಒತ್ತುವ ತೋಳುಗಳು) ಮುರಿದು ಅಲ್ಲಿಗೇ ನಿಲ್ಲುತ್ತದೆ. ಇಲ್ಲದಿದ್ದರೆ ಹೆಡ್ (ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ) ಬಿಚ್ಚಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಈ ಎಂಜಿನ್‌ನಲ್ಲಿ ಬೆಲ್ಟ್ ಎರಡು. ಹೊರಗಿನ ದೊಡ್ಡದು ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಮತ್ತು ಡೀಸೆಲ್ ಪಂಪ್ ತಿರುಗಿಸುತ್ತದೆ. ಅದರ ಹಿಂದೆ ಒಂದು ಚಿಕ್ಕ ಬೆಲ್ಟ್ ಇದೆ, ಅದು ಬ್ಯಾಲೆನ್ಸ್ ಶಾಫ್ಟ್‌ಗಳಿಗೆ. ನಾಲ್ಕು ಸಿಲಿಂಡರ್ ಸಾಲಾಗಿರುವ ದೊಡ್ಡ ಎಂಜಿನ್‌ಗೆ ಒಂದು ಬಗೆಯ ನಡುಕ ಹುಟ್ಟಿನಿಂದಲೇ ಬಂದಿರುತ್ತದೆ. ಅದನ್ನು ತಣಿಸಲು ಎರಡು ಶಾಫ್ಟ್‌ಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ, ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್‌ನ) ಎರಡು ಪಟ್ಟು ವೇಗದಲ್ಲಿ ತಿರುಗುತ್ತವೆ. ಮಿತ್ಸುಬಿಷಿಯ ಈ ವಿದ್ಯೆಯನ್ನು ಪೋರ್ಷೆಯವರೇ ಲೈಸೆನ್ಸ್ ಪಡೆದು ತಮ್ಮ 944 ಕಾರಿಗೆ ಹಾಕಿಕೊಂಡಿದ್ದರು ಅಂದರೆ ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನೋಡಿ.

ಚಿಕ್ಕ ಬೆಲ್ಟ್ ತುಂಡಾದರೆ ಏನು ಮಹಾ, ಸ್ವಲ್ಪ ನಡುಗುತ್ತದೆ ಅಷ್ಟೇ ಅಲ್ವಾ ಎಂದು ಕೇಳುವವರಿದ್ದಾರೆ. ಅಷ್ಟೇ ಅಲ್ಲ. ತುಂಡಾದ ಚೂರು ಹೊರಗಿನ ಬೆಲ್ಟಿನ ಹಲ್ಲುಗಳ ನಡುವೆ ಸಿಕ್ಕಿಕೊಂಡರೆ ದೊಡ್ಡ ಬೆಲ್ಟ್ ಜಾರುತ್ತದೆ ಅಥವಾ ಕಳಚುತ್ತದೆ. ಹೊಸ ದೊಡ್ಡ ಬೆಲ್ಟ್ ಹಾಕಿ ಹಿಂದಿನ ಹಳೆ ಚಿಕ್ಕದನ್ನು ಹಾಗೇ ಬಿಟ್ಟರೆ ಮಾಡಿದ ಕೆಲಸವೆಲ್ಲ ಆ ಹಳೆ ರಬ್ಬರಿನ ಮೇಲೆ ನಿಂತಂತೆ. ಚಿಕ್ಕ ಬೆಲ್ಟ್ ಪೂರ್ತಿ ತೆಗೆದು ಓಡಿಸುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ದಿನಾ ಓಡಿಸುವ ಗಾಡಿಗೆ ಆ ನಡುಕ ಯಾಕೆ ಬೇಕು? ಹಾಗಾಗಿ ಎರಡು ಬೆಲ್ಟ್, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಎರಡು ಟೆನ್ಷನರ್, ಎಣ್ಣೆ ಸೋರದಂತೆ ತಡೆಯುವ ಮುಂಭಾಗದ ಆಯಿಲ್ ಸೀಲ್‌ಗಳು, ಎಲ್ಲ ಒಟ್ಟಿಗೆ ತಂದೆ.

ಬಿಚ್ಚುವ ಕೆಲಸದ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಬ್ಯಾಟರಿಯ ನೆಗೆಟಿವ್ ತೆಗೆದೆ. ಕೂಲಂಟ್ ಇಳಿಸಿ ರೇಡಿಯೇಟರ್ ಹೊರಗೆ ತೆಗೆದೆ. ತೆಗೆಯದೆಯೂ ಮಾಡಬಹುದು, ಆದರೆ ಕೈ ಆಡಿಸಲು ಜಾಗ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಫ್ಯಾನ್, ಹೊರಗಿನ ಬೆಲ್ಟ್‌ಗಳು, ಪ್ಲಾಸ್ಟಿಕ್ ಕವರ್ ಒಂದೊಂದಾಗಿ ಬಂದವು. ವಾಟರ್ ಪಂಪ್ ಇದರಲ್ಲಿ ಫ್ಯಾನ್ ಬೆಲ್ಟಿನಿಂದ ತಿರುಗುತ್ತದೆ, ಟೈಮಿಂಗ್ ಬೆಲ್ಟಿನಿಂದಲ್ಲ. ನನ್ನದು ಒಣಗಿತ್ತು, ಆಟವೂ ಇರಲಿಲ್ಲ. ಅದನ್ನು ಮುಟ್ಟಲಿಲ್ಲ.

ಕಷ್ಟ ಕೊಟ್ಟಿದ್ದು ಕ್ರ್ಯಾಂಕ್ ಪುಲ್ಲಿಯ ದೊಡ್ಡ ಬೋಲ್ಟ್. ಗಾಡಿಯನ್ನು ಐದನೇ ಗೇರಿಗೆ ಹಾಕಿ, ಒಬ್ಬರನ್ನು ಬ್ರೇಕ್ ಮೇಲೆ ಕೂರಿಸಿ, ಉದ್ದ ಪೈಪ್ ಸಿಕ್ಕಿಸಿ ಎಳೆದಾಗ ಬಿಟ್ಟುಕೊಟ್ಟಿತು. ಸ್ಪಾನರನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ಹೊಡೆಸುವ ಉಪಾಯವೂ ಇದೆ. ಸ್ಪಾನರ್ ಎಗರಿದರೆ ಎಲ್ಲಿಗೆ ಬೀಳುತ್ತದೋ ಗೊತ್ತಿಲ್ಲ, ನಾನಂತೂ ಅದರ ಹತ್ತಿರ ಹೋಗುವುದಿಲ್ಲ.

ಬೆಲ್ಟಿಗೆ ಕೈ ಹಾಕುವ ಮೊದಲು ಗ್ಲೋ ಪ್ಲಗ್‌ಗಳನ್ನು (ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರಿನ ಒಳಗೆ ಬಿಸಿ ಕೊಡುವ ಪ್ಲಗ್‌ಗಳು) ಬಿಚ್ಚಿದೆ. ಡೀಸೆಲ್ ಎಂಜಿನ್‌ನ ಕಂಪ್ರೆಷನ್ ವಿರುದ್ಧ ಕೈಯಲ್ಲಿ ತಿರುಗಿಸುವುದು ದೊಡ್ಡ ಹಿಂಸೆ. ಪುಲ್ಲಿಗಳನ್ನು ಹೊಂದಿಸಲು ಇರುವ ಗುರುತಿನ ಹತ್ತಿರ ಬಂದಾಗ ತಟ್ಟನೆ ಮುಂದೆ ಹಾರಿಬಿಡುತ್ತದೆ. ಪ್ಲಗ್ ತೆಗೆದರೆ ಹಗುರವಾಗಿ, ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಹಳೆ ಎಂಜಿನ್‌ನಲ್ಲಿ ಅವು ಮಸಿಯಲ್ಲಿ ಕಚ್ಚಿಕೊಂಡಿರುತ್ತವೆ. ಬಲ ಹಾಕಿದರೆ ತುಂಡಾಗುತ್ತವೆ. ಎಣ್ಣೆ ಬಿಟ್ಟು, ಸ್ವಲ್ಪ ಹಿಂದೆ ಮುಂದೆ ಆಡಿಸುತ್ತಾ ಬಿಡಿಸಬೇಕು.

ಒಂದನೇ ಸಿಲಿಂಡರನ್ನು ಮೇಲ್ತುದಿಗೆ ತಂದು ಕ್ಯಾಮ್, ಪಂಪ್, ಕ್ರ್ಯಾಂಕ್ ಮೂರರ ಗುರುತೂ ಕೂಡಿವೆಯೇ ನೋಡಿದೆ. ಬಿಳಿ ಬಣ್ಣ ಹಚ್ಚಿ ಫೋಟೊ ತೆಗೆದೆ. ಬೆಲ್ಟ್ ಹೊರಗಿದ್ದಾಗ ಕ್ರ್ಯಾಂಕ್ ಅಥವಾ ಕ್ಯಾಮ್ ತಿರುಗಿಸಲೇಬಾರದು, ವಾಲ್ವ್ ಬಾಗುತ್ತದೆ.

ಹಳೆ ದೊಡ್ಡ ಬೆಲ್ಟ್ ನೋಡಲು ಪರವಾಗಿಲ್ಲ ಅನ್ನಿಸುವಂತಿತ್ತು. ಚಿಕ್ಕದು ಎಣ್ಣೆಯಲ್ಲಿ ನೆಂದು ಉಬ್ಬಿತ್ತು, ಅಂಚಿನ ದಾರಗಳು ಎದ್ದಿದ್ದವು. ಎಣ್ಣೆ ಬರುತ್ತಿದ್ದುದು ಕ್ರ್ಯಾಂಕ್ ಸೀಲಿನಿಂದ. ಅದಕ್ಕೇ ಸೀಲ್ ಬದಲಿಸದೆ ಬೆಲ್ಟ್ ಹಾಕುವುದು ದಂಡ. ಸೀಲ್‌ಗಳನ್ನು ಹಾಕಿ, ಪುಲ್ಲಿಗಳನ್ನು ಒರೆಸಿ ಒಣಗಿಸಿದೆ. ಎರಡು ಬೆಲ್ಟುಗಳ ನಡುವೆ ಕ್ರ್ಯಾಂಕ್ ಮೇಲೆ ಒಂದು ತಗಡಿನ ಬಿಲ್ಲೆ ಬರುತ್ತದೆ. ಅದರ ಯಾವ ಮುಖ ಹೊರಗಿತ್ತು ಎಂದು ಬಿಚ್ಚುವಾಗಲೇ ಗುರುತು ಮಾಡಿಟ್ಟುಕೊಳ್ಳಿ. ಚಿಕ್ಕ ಬೆಲ್ಟಿಗೂ ತನ್ನದೇ ಗುರುತುಗಳಿವೆ. ತಪ್ಪಿದರೆ ನಡುಕ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ.

ದೊಡ್ಡ ಬೆಲ್ಟ್ ಹಾಕುವಾಗ ತರಲೆ ಮಾಡುವುದು ಡೀಸೆಲ್ ಪಂಪಿನ ಪುಲ್ಲಿ. ಒಳಗಿನ ಸ್ಪ್ರಿಂಗ್‌ಗಳ ಒತ್ತಡಕ್ಕೆ ಅದು ಗುರುತಿನ ಮೇಲೆ ನಿಲ್ಲುವುದಿಲ್ಲ, ಹಿಂದಕ್ಕೆ ಸರಿಯುತ್ತದೆ. ಒಂದು ಕೈಯಲ್ಲಿ ಸ್ಪಾನರ್ ಹಾಕಿ ಅದನ್ನು ಹಿಡಿದಿಟ್ಟುಕೊಂಡೇ ಬೆಲ್ಟ್ ಏರಿಸಬೇಕು. ಕ್ರ್ಯಾಂಕ್‌ನಿಂದ ಶುರು ಮಾಡಿ ಪಂಪ್, ಟೆನ್ಷನರ್, ಕೊನೆಗೆ ಕ್ಯಾಮ್. ಟೆನ್ಷನರ್ ಇಲ್ಲದ ಬದಿಯಲ್ಲಿ ಎಲ್ಲೂ ಸಡಿಲ ಉಳಿಯಬಾರದು. ಪಂಪಿನಲ್ಲಿ ಒಂದು ಹಲ್ಲು ತಪ್ಪಿದರೂ ಹೊಗೆ, ಸ್ಟಾರ್ಟಿಂಗ್ ತೊಂದರೆ. ಬೆಲ್ಟನ್ನು ಮಡಚಿ ತಿರುಚಿ ತೂರಿಸಬೇಡಿ. ಒಳಗಿನ ಫೈಬರ್ ದಾರ ಮುರಿದರೆ ಹೊರಗಿನಿಂದ ಕಾಣುವುದೇ ಇಲ್ಲ.

ಟೆನ್ಷನ್ ಅನ್ನು ಕೈಯಲ್ಲಿ ಎಳೆದು ಕೊಡುವುದಲ್ಲ. ಎರಡು ಬೋಲ್ಟ್ ಸಡಿಲಿಸಿದರೆ ಸ್ಪ್ರಿಂಗ್ ತಾನೇ ಎಳೆದುಕೊಳ್ಳುತ್ತದೆ. ಆಮೇಲೆ ಕ್ಯಾಮ್ ಪುಲ್ಲಿ ಎರಡು ಹಲ್ಲು ಮುಂದೆ ಹೋಗುವಷ್ಟು ಕ್ರ್ಯಾಂಕನ್ನು ಗಡಿಯಾರದ ದಿಕ್ಕಿನಲ್ಲಿ ತಿರುಗಿಸಬೇಕು. ಆಗ ಎಳೆಯುವ ಬದಿ ಬಿಗಿಯಾಗಿ ಸಡಿಲವೆಲ್ಲ ಟೆನ್ಷನರ್ ಕಡೆಗೆ ಬರುತ್ತದೆ, ಸ್ಪ್ರಿಂಗ್ ಅದನ್ನು ಹೀರಿಕೊಳ್ಳುತ್ತದೆ. ಅಲ್ಲೇ ಬೋಲ್ಟ್ ಬಿಗಿಯಬೇಕು. ಉದ್ದ ತೂತಿನ ಬೋಲ್ಟ್ ಮೊದಲು, ತಿರುಗಣೆಯ ಬೋಲ್ಟ್ ನಂತರ. ಉಲ್ಟಾ ಮಾಡಿದರೆ ಬಿಗಿಯುವ ಬೋಲ್ಟಿನ ಜೊತೆ ಟೆನ್ಷನರೂ ತಿರುಗಿ ಬೆಲ್ಟ್ ಅತಿ ಬಿಗಿಯಾಗುತ್ತದೆ. ಅತಿ ಬಿಗಿಯಾದ ಬೆಲ್ಟ್ ಕಿರ್ ಎಂದು ಕೂಗುತ್ತದೆ, ಬೇರಿಂಗನ್ನೂ ತಿನ್ನುತ್ತದೆ.

ಇಷ್ಟಾದ ಮೇಲೆ ಸ್ಟಾರ್ಟರ್ ಮುಟ್ಟುವ ಆತುರ ಬೇಡ. ಕ್ರ್ಯಾಂಕನ್ನು ಕೈಯಲ್ಲೇ ನಿಧಾನವಾಗಿ ಎರಡು ಸುತ್ತು ತಿರುಗಿಸಿದೆ. ಕ್ರ್ಯಾಂಕ್ ಎರಡು ಸುತ್ತು ಹೋದರೆ ಕ್ಯಾಮ್ ಒಂದು ಸುತ್ತು, ಮೂರೂ ಗುರುತು ಮತ್ತೆ ಕೂಡಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ಅದು ವಾಲ್ವ್‌ಗೆ ಪಿಸ್ಟನ್ ತಾಗಿದ್ದಿರಬಹುದು, ಒತ್ತಿ ದಾಟಿಸುವುದಲ್ಲ. ನನ್ನದು ಕೂಡಿತು. ಮತ್ತೆ ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಿದೆ. ಇದು ಅನುಮಾನಕ್ಕಲ್ಲ, ಅಭ್ಯಾಸ.

ಜೋಡಿಸುವಾಗ ಪ್ಲಾಸ್ಟಿಕ್ ಕವರಿನ ಅಂಚಿನ ರಬ್ಬರ್ ಪಟ್ಟಿ ಮಾತ್ರ ಗಮನಿಸಿ. ಅದು ಇಲ್ಲದಿದ್ದರೆ ಧೂಳು, ಸಣ್ಣ ಕಲ್ಲು ಎಲ್ಲ ನೇರ ಬೆಲ್ಟಿಗೇ ಹೋಗುತ್ತದೆ. ಕ್ರ್ಯಾಂಕ್ ಬೋಲ್ಟನ್ನು ಟಾರ್ಕ್ ರೆಂಚ್‌ನಲ್ಲೇ (ಬಿಗಿಯುವ ಬಲ ಅಳೆಯುವ ಸ್ಪಾನರ್) ಬಿಗಿದೆ. ಅಳತೆಯನ್ನು ನಿಮ್ಮ ಎಂಜಿನ್‌ನ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ, ಬಾಯಿಮಾತು ನಂಬಬೇಡಿ. ಕೂಲಂಟ್ ತುಂಬಿ ಗಾಳಿ ತೆಗೆದು ಸ್ಟಾರ್ಟ್ ಮಾಡಿದೆ. ಮೊದಲಿಗಿಂತ ನಡುಕ ಕಡಿಮೆ ಇತ್ತು, ಹಳೆ ಚಿಕ್ಕ ಬೆಲ್ಟ್ ಹಲ್ಲು ಜಾರಿ ಓಡುತ್ತಿತ್ತೋ ಏನೋ. ಕೆಲವು ದಿನ ಓಡಿಸಿದ ಮೇಲೆ ಕೆಳಗೆ ಮಲಗಿ, ಕವರಿನ ತಳದಲ್ಲಿ ಎಣ್ಣೆ ಜಿನುಗುತ್ತಿದೆಯೇ ಎಂದು ಟಾರ್ಚ್ ಹಾಕಿ ನೋಡಿದೆ. ಒಣಗಿತ್ತು. ಬೆಲ್ಟ್ ಹಾಕಿದ ತಾರೀಕು, ಕಿಲೋಮೀಟರ್ ಎರಡನ್ನೂ ಬರೆದು ಕವರಿನ ಮೇಲೆ ಅಂಟಿಸಿದ್ದೇನೆ. ಮುಂದೆ ಈ ಗಾಡಿ ಯಾರ ಕೈಗೆ ಹೋದರೂ ಅವರಿಗೆ ಚೀಟಿ ಸಿಗುತ್ತದೆ.